ಹಬ್ಬದ ದಿನದ ಶುಲ್ಕ ಮತ್ತು ಅಸ್ತೇಯ

ಎಸ್ಸೆಮ್ಮೆಸ್ ಪ್ಯಾಕ್ ಹಾಕಿಸಿದ್ದರೂ ದೀಪಾವಳಿ, ಹೊಸವರ್ಷದಂಥ ದಿನಗಳಲ್ಲಿ ಮೊಬೈಲ್ ಕಂಪನಿಗಳು ರಿಯಾಯಿತಿ ನಿಲ್ಲಿಸಿ ಪೂರ್ಣ ದರ ವಿಧಿಸುತ್ತಿದ್ದವು. ತುಂಗಾ ಅಣೆಕಟ್ಟೆಯ ಗಾಜನೂರಿನಿಂದ ಹೊರಟ ಹಬ್ಬದ ಶುಭಾಶಯಕ್ಕೂ ಇದೇ ಷರತ್ತು ಇತ್ತು. ಇಂಥ ದಿನಗಳು ವರ್ಷಕ್ಕೆ 5ನ್ನು ಮೀರಬಾರದು, ಮೊದಲೇ ತಿಳಿಸಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕಟ್ಟುಪಾಡು ಹಾಕಿತು.

ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಎಂಬುದು ಇಲ್ಲಿನ ಧರ್ಮಪ್ರಶ್ನೆ. ಗಾಜನೂರಿನ ಜಿಲ್ಲೆಯಲ್ಲೇ ಹೊಂಬುಜದ ಜೈನಮಠವೂ ಇದೆ; ಆ ಜಿಲ್ಲೆಗೆ ಈ ವಿಚಾರ ಹಳೆಯದು. ಉಮಾಸ್ವಾತಿಯ ಜೈನಗ್ರಂಥ ತತ್ತ್ವಾರ್ಥಸೂತ್ರದ ಪ್ರಕಾರ ಕೊಡದಿದ್ದುದನ್ನು ತೆಗೆದುಕೊಳ್ಳುವುದು ಕಳ್ಳತನ. ಸುಳ್ಳು ಅಳತೆ-ತೂಕವೂ ಅಸ್ತೇಯವ್ರತದ, ಅಂದರೆ ಕದಿಯದಿರುವ ವ್ರತದ, ಅತಿಚಾರ (ಉಲ್ಲಂಘನೆ). ಈ ಎರಡನೆಯ ಮಾತೇ ಹೆಚ್ಚು ಹರಿತವಾದುದು. ‘ಉಚಿತ’ ಎಂದು ದಪ್ಪಕ್ಷರದಲ್ಲಿ ಸಾರಿ, ವಿನಾಯಿತಿಯನ್ನು ಸಣ್ಣಕ್ಷರದಲ್ಲಿ ಅಡಗಿಸುವುದು ಕೊಳಗವನ್ನೇ ಕಿರಿದು ಮಾಡಿದಂತೆ. ಷರತ್ತು ಓದದ ಗ್ರಾಹಕನದೂ ಅಜಾಗರೂಕತೆಯೇ. ಆದರೆ ಅಳೆಯುವವನ ಹೊಣೆ ಅದರಿಂದ ತಗ್ಗುವುದಿಲ್ಲ.