ಯಾರ ಪಾಲಿಗೆ ಯಾವ ತುಂಡು?

ಹೋದ ಭಾನುವಾರ ನಮ್ಮ ಮನೆಯಲ್ಲಿ ಅಡುಗೆ ನನ್ನದು. ಹತ್ತನೇ ಕ್ಲಾಸಿನ ಮಗಳು ಒಂದು ವಾರದಿಂದ ಹಟ ಹಿಡಿದಿದ್ದಳು: ‘ಅಪ್ಪ, ಖೈಮಾ ಹಾಕಿ, ಚೀಸ್ ಹಾಕಿ, ಚಪಾತೀಲಿ ಸುತ್ತಿ ಕೊಡ್ತಾರಲ್ಲ, ಅದನ್ನ ಮನೇಲೇ ಮಾಡೋಣ.’ ಪೇಟೆಯಲ್ಲಿ ಅದಕ್ಕೆ ರ‍್ಯಾಪ್ ಅಂತ ಹೆಸರು. ಬೆಳಿಗ್ಗೆ ಹೋಗಿ ಅರ್ಧ ಕೆ.ಜಿ. ಎಮ್ಮೆ ಬಾಡು ತಂದೆ. ಅಂಗಡಿಯ ಭಾಯ್ ಅದನ್ನು ಮೆಷಿನ್ನಿಗೆ ಹಾಕಿ ಖೈಮಾ ಮಾಡಿದರು. ಕಪ್ಪು ಕವರಿಗೆ ತುಂಬಿದರು. ಕವರಿನ ಮೇಲೆ ಪೇಪರು ಸುತ್ತಿದರು. ನಾನು ಕೇಳಿರಲಿಲ್ಲ, ಅವರೇ ಸುತ್ತಿದರು. ಅದು ಬಾಡಿಗೆ ಬೇಕಾದ ಸುತ್ತಲ್ಲ, ಬೀದಿಗೆ ಬೇಕಾದ ಸುತ್ತು. ಮನೆಗೆ ಬಂದು ಚಪಾತಿಯಲ್ಲಿ ಸುತ್ತುವ ಮೊದಲೇ ಒಂದು ಸಲ ಸುತ್ತಿಯಾಗಿತ್ತು.

ಮಾಡುವುದೇನೂ ಕಷ್ಟವಿಲ್ಲ. ಅಗಲ ಬಾಣಲೆಯಲ್ಲಿ ಎರಡು ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು ಖೈಮಾ ಹಾಕಬೇಕು. ನೀರು ಹುಯ್ಯಬಾರದು, ಅದೇ ನೀರು ಬಿಡುತ್ತದೆ, ಅದು ಪೂರಾ ಇಂಗಬೇಕು. ಎಲ್ಲೂ ಹಸಿ ಕೆಂಪು ಉಳಿಯಬಾರದು. ಇಡೀ ತುಂಡಿನಲ್ಲಾದರೆ ಕ್ರಿಮಿ ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತದೆ, ಅರೆದಾಗ ಒಳಗೆಲ್ಲ ಬೆರೆತುಬಿಡುತ್ತದೆ. ಕೊನೆಗೆ ಧನಿಯ ಪುಡಿ, ಖಾರದ ಪುಡಿ, ಉಪ್ಪು. ಚಪಾತಿಯ ನಡುವೆ ಖೈಮಾ ಹರಡಿ, ಮೇಲೆ ಚೀಸ್ ತುರಿದು, ಎರಡು ಬದಿ ಮಡಚಿ ಸುತ್ತಿ, ಮಡಿಕೆ ಕೆಳಗಾಗುವಂತೆ ಕಾವಲಿಯ ಮೇಲೆ ಇಟ್ಟರೆ ಚೀಸ್ ಕರಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ.

ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅವ್ವ ಕೇಳಿದಳು: ‘ಅದ್ಯಾಕ್ಲಾ ಹಿಂಗೆ ಅರೆದವ್ರೆ? ಒಂದು ತುಂಡೂ ಕಾಣಕಿಲ್ವಲ್ಲ?’ ‘ನರದ ಬಾಡೂ ಮೆತ್ತಗಾಯ್ತದೆ ಕಣವ್ವ, ಹಲ್ಲಿಲ್ದಿದ್ರೂ ತಿನ್ಬೋದು’ ಅಂದೆ.

ಹತ್ತು ಸುರುಳಿಯಾದವು. ನಾವು ಐದು ಜನ. ತಟ್ಟೆಗೆ ಎರಡೆರಡು. ಅವ್ವ ತನ್ನ ತಟ್ಟೆಯಿಂದ ಒಂದನ್ನು ಎತ್ತಿ ಮೊಮ್ಮಗನ ತಟ್ಟೆಗೆ ಹಾಕಿದಳು. ‘ನಂಗೊಂದು ಸಾಕು.’

ನನಗೆ ಆಗ ಹೊಳೆಯಿತು. ನಮ್ಮ ಹಟ್ಟಿಯಲ್ಲಿ ಬಾಡಿನ ಸಾರು ಮಾಡಿದ ದಿನ ಮೆತ್ತನೆ ತುಂಡು ಅಪ್ಪನಿಗೆ, ಆಮೇಲಿನದು ಗಂಡುಹುಡುಗರಾದ ನಮಗೆ, ಮೂಳೆ ಅಕ್ಕನಿಗೆ. ಅವ್ವ ಕೊನೆಗೆ ಕೂತು ತಳದ ಸಾರಿಗೆ ಮುದ್ದೆ ಅದ್ದಿಕೊಳ್ಳುತ್ತಿದ್ದಳು. ಸಾರಿನ ಮಡಕೆಯಲ್ಲಿ ಯಾರ ಪಾಲು ಎಷ್ಟೆಂದು ಲೆಕ್ಕ ಸಿಗುವುದಿಲ್ಲ. ಸೌಟು ಅವ್ವನ ಕೈಯಲ್ಲೇ ಇತ್ತು, ನಿಜ. ತನಗೆ ತಾನೇ ಅನ್ಯಾಯ ಮಾಡಿಕೊಳ್ಳುವ ಕೆಲಸವನ್ನೂ ಅವಳ ಕೈಗೇ ಕೊಟ್ಟಿದ್ದೆವು. ಸುರುಳಿ ಎಣಿಕೆಗೆ ಸಿಗುತ್ತದೆ. ಎರಡಿದ್ದದ್ದು ಒಂದಾದರೆ ಕಣ್ಣಿಗೆ ಕಾಣುತ್ತದೆ. ಊರಿನ ಅಸಮಾನತೆಯ ಮೇಲೆ ಇಪ್ಪತ್ತು ವರ್ಷ ಭಾಷಣ ಮಾಡಿದ ನಾನು ನನ್ನವ್ವನ ತಟ್ಟೆಯನ್ನು ಎಣಿಸಿ ನೋಡಿರಲಿಲ್ಲ.

ಯಾರ ಪಾಲಿಗೆ ಯಾವ ತುಂಡು ಅನ್ನುವುದನ್ನು ಯಾರು ತೀರ್ಮಾನಿಸುತ್ತಾರೆ? ಈ ತಿಂಡಿಯ ಹಿಂದಿನ ಕತೆಯೂ ಇದೇ ಪ್ರಶ್ನೆ. ಮೆಕ್ಸಿಕೋಗೆ ದನವನ್ನೂ ಗೋಧಿಯನ್ನೂ ತಂದವರು ಹದಿನಾರನೇ ಶತಮಾನದಲ್ಲಿ ಆ ನೆಲವನ್ನು ಗೆದ್ದ ಸ್ಪೇನಿನವರು. ಉತ್ತರ ಮೆಕ್ಸಿಕೋದ ಬಡವರು ಗೋಧಿ ರೊಟ್ಟಿಯಲ್ಲಿ ಸಿಕ್ಕಿದ್ದನ್ನು ಸುತ್ತಿ ತಿಂದರು. ಗಡಿಯಾಚೆಯ ಟೆಕ್ಸಾಸಿನಲ್ಲಿ, 1930ರ ದಶಕದಲ್ಲಿ, ದೊಡ್ಡ ದನದ ಫಾರಂಗಳಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಆಳುಗಳಿಗೆ ಕೂಲಿಯ ಒಂದು ಭಾಗವಾಗಿ ಸಿಗುತ್ತಿದ್ದದ್ದು ಕೊಯ್ದ ದನದ ತಲೆ, ಕರುಳು, ಚರ್ಮ, ಮತ್ತೆ ಹೊಟ್ಟೆಯ ಪಕ್ಕದ ಗಡಸು ಪಟ್ಟಿ ಮಾಂಸ. ಒಳ್ಳೆ ತುಂಡು ಧಣಿಗೆ. ಆಳುಗಳು ಆ ಗಡಸು ಪಟ್ಟಿಯನ್ನೇ ಕೆಂಡದಲ್ಲಿ ಸುಟ್ಟು, ಕೊಚ್ಚಿ, ರೊಟ್ಟಿಯಲ್ಲಿ ಸುತ್ತಿಕೊಂಡರು. ಫಹೀಟಾ ಅನ್ನುವ ಹೆಸರು ಬಂದದ್ದು ಆ ಪಟ್ಟಿಯಿಂದಲೇ. 1980ರ ದಶಕದ ಹೊತ್ತಿಗೆ ಅದು ಹೋಟೆಲುಗಳ ಫ್ಯಾಷನ್ ಆಯಿತು. ಬಿಟ್ಟಿ ಕೊಡುತ್ತಿದ್ದ ತುಂಡಿಗೆ ಬೆಲೆ ಏರಿತು. ತಿಂಡಿ ಮೇಲಕ್ಕೆ ಹೋಯಿತು. ಅದನ್ನು ಕಂಡುಕೊಂಡ ಆಳು ಅದರ ಜೊತೆ ಮೇಲಕ್ಕೆ ಹೋದನೇ?

ಓದುತ್ತಿರುವ ಗೆಳೆಯರಿಗೆ ಇದು ದೂರದ ಕತೆ ಅನಿಸಲಾರದು. ಊರಲ್ಲಿ ದನ ಸತ್ತರೆ ಹೊತ್ತುಕೊಂಡು ಹೋಗುವುದು ಹೊಲೆಯ ಮಾದಿಗರ ಕರ್ತವ್ಯ, ಅದರ ಬಾಡೇ ಕೂಲಿ ಎಂದು ಗೊತ್ತುಮಾಡಿದವರು ಯಾರು? ಬದುಕಿದ್ದಾಗ ಹಾಲು ಅವರಿಗೆ, ಉಳುಮೆ ಅವರಿಗೆ, ಸತ್ತ ಮೇಲೆ ನಮಗೆ. ಕೊಟ್ಟವರೇ ಆಮೇಲೆ ‘ಸತ್ತದ್ದು ತಿನ್ನುವವರು’ ಎಂದು ಉಗಿದರು. ಮಾರ್ಚ್ 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಎಂದು ಕರೆಕೊಟ್ಟರು. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಅಸ್ಪೃಶ್ಯತೆಯ ಬೇರನ್ನು ದನದ ಮಾಂಸದ ಸುತ್ತಲಿನ ಜಗಳದಲ್ಲೇ ಹುಡುಕಿದರು. ಮಹಾಡಿನ ಮಾತನ್ನು ‘ದನದ ಬಾಡು ಕೀಳು, ಅದಕ್ಕೇ ಬಿಡಿ’ ಎಂದು ಅರ್ಥ ಮಾಡಿಕೊಂಡವರು ನಮ್ಮಲ್ಲೇ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಬೇರೆಯವರು ಎಸೆದ ಪಾಲನ್ನು ಒಲ್ಲೆ ಅನ್ನುವುದೇ ಅಲ್ಲಿನ ತಿರುಳು. ಸ್ವಂತ ದುಡಿಮೆಯ ಕಾಸು ಕೊಟ್ಟು, ನಮಗೆ ಬೇಕಾದ್ದನ್ನು ಬೇಕಾದ ಹಾಗೆ ಬೇಯಿಸಿಕೊಳ್ಳುವುದು ಬೇರೆ. ತಿನ್ನುವುದಿಲ್ಲ ಎಂದು ತಾನೇ ತೀರ್ಮಾನಿಸಿದವನದೂ ಸ್ವಾಭಿಮಾನವೇ.

ಕೊಲ್ಲುವುದು ಸರಿಯೇ ಅನ್ನುವವರಿಗೂ ಉತ್ತರ ಹೇಳಬೇಕು. ಯಾವ ಪ್ರಾಣಿಯನ್ನೂ ಕೊಲ್ಲಬಾರದು ಎನ್ನುವವರ ಮುಂದೆ ನಾನು ತಲೆತಗ್ಗಿಸಿ ವಾದ ಕೇಳುತ್ತೇನೆ. ಎಮ್ಮೆಗೂ ನೋವಿದೆ, ಸುಳ್ಳಲ್ಲ. ಆದರೆ ಕುರಿ ಕಡಿದಾಗ ಹಬ್ಬ, ಎಮ್ಮೆ ಕಡಿದಾಗ ಪಾಪ ಅನ್ನುವವರದು ಕರುಣೆಯಲ್ಲ, ಅದು ಜಾತಿಯ ಲೆಕ್ಕ. ನನ್ನ ಸುರುಳಿಯೊಳಗೇ ನೋಡಿ: ಹಾಲಿನಿಂದಾದ ಚೀಸಿನ ಪೊಟ್ಟಣಕ್ಕೆ ಹಸಿರು ಚುಕ್ಕೆ, ಹಾಲು ಕೊಡುವ ಜಾತಿಯದೇ ಪ್ರಾಣಿಯ ಮಾಂಸಕ್ಕೆ ಕಪ್ಪು ಕವರು. ಹಾಲು ಬತ್ತಿದ ಎಮ್ಮೆಯನ್ನು, ಉಳಲಾರದ ಕೋಣವನ್ನು ಬಡ ರೈತ ಎಷ್ಟು ದಿನ ಕಟ್ಟಿ ಮೇಯಿಸಿಯಾನು? ಹಸಿರು ಚುಕ್ಕೆಯವರು ಆ ಲೆಕ್ಕ ಕೇಳುವುದಿಲ್ಲ. ನಮ್ಮ ರಾಜ್ಯದ 1964ರ ಕಾನೂನಿನಲ್ಲಿ ವಯಸ್ಸಾದ ಎತ್ತಿಗೂ ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಉಳಿದದ್ದು 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ.

ತಿಂದು ಕೈ ತೊಳೆದ ಮೇಲೆ ಮಗಳು ಒಂದು ಮಾತು ಕೇಳಿದಳು: ‘ಅಪ್ಪ, ಮುಂದಿನ ಸಲ ಮಾಡಿದಾಗ ಸ್ಕೂಲಿಗೂ ಹಾಕ್ಕೊಡ್ತೀಯಾ? ಕೇಳಿದ್ರೆ ಚಿಕನ್ ಅಂತೀನಿ.’

ಅವಳಿಗೆ ಈ ಸುಳ್ಳು ಕಲಿಸಿದವನು ನಾನೇ. ಹನ್ನೊಂದು ವರ್ಷದ ಹಿಂದೆ ಈ ಮನೆ ಬಾಡಿಗೆಗೆ ಹಿಡಿದಾಗ ಓನರು ‘ನೀವು ಏನೇನು ತಿಂತೀರಿ ಮೇಷ್ಟ್ರೇ?’ ಎಂದು ನಗುತ್ತಲೇ ಕೇಳಿದ್ದರು. ‘ಯಾವಾಗಲಾದರೂ ಕೋಳಿ’ ಎಂದಿದ್ದೆ. ಇವತ್ತಿಗೂ ಬಾಡು ಬೇಯುವಾಗ ನನ್ನ ಹೆಂಡತಿ ಕಿಟಕಿ ಮುಚ್ಚುತ್ತಾಳೆ. ಪಾಲಿನ ಪ್ರಶ್ನೆ ಗೆದ್ದೆ ಎಂದುಕೊಂಡವನು ಹೆಸರಿನ ಪ್ರಶ್ನೆಯಲ್ಲಿ ಸೋತಿದ್ದೇನೆ. ರ‍್ಯಾಪ್ ಅಂದರೆ ಬೀದಿ ಸುಮ್ಮನಿರುತ್ತದೆ, ಬಾಡು ಅಂದರೆ ಮೂಗು ಮುಚ್ಚುತ್ತದೆ. ಹೆಸರು ಬದಲಾಯಿಸಿ ತಿಂದರೆ ನಾಲಿಗೆಗೆ ರುಚಿ ಸಿಕ್ಕೀತು, ಮನಸ್ಸಿನ ಭಯ ಹೋಗುವುದಿಲ್ಲ.

ಹಾಗಾದರೆ ‘ಸತ್ಯ ಹೇಳು ಮಗಳೇ’ ಅನ್ನಲೇ? ಪುಸ್ತಕದಲ್ಲಿ ಅದು ಸುಲಭ. ನಲವತ್ತು ಮಕ್ಕಳ ನಡುವೆ ಒಬ್ಬಳೇ ಡಬ್ಬಿ ಮುಚ್ಚಿಕೊಂಡು ಕೂರಬೇಕಾದವಳು ಅವಳು, ನಾನಲ್ಲ. ನಾನು ಹನ್ನೊಂದು ವರ್ಷ ತೋರಿಸದ ಧೈರ್ಯವನ್ನು ಅವಳ ಬ್ಯಾಗಿಗೆ ತುಂಬಿ ಕಳಿಸುವುದು ಯಾವ ನ್ಯಾಯ? ಸುಳ್ಳು ಹೇಳುವವರ ಪಾಪವನ್ನಷ್ಟೇ ನಮ್ಮ ನೀತಿಪಾಠಗಳು ತೂಗುತ್ತವೆ. ಸುಳ್ಳು ಹೇಳದೆ ಗತಿಯಿಲ್ಲದ ಹಾಗೆ ಪ್ರಶ್ನೆ ಕೇಳುವವರ ಪಾಪವನ್ನು ತೂಗುವ ತಕ್ಕಡಿ ಎಲ್ಲಿದೆ? ‘ಏನು ತಂದಿದ್ದೀಯ?’ ಅನ್ನುವುದು ಹಸಿವಿನ ಪ್ರಶ್ನೆಯಾಗಬಹುದು, ಜಾತಿಯ ಪ್ರಶ್ನೆಯೂ ಆಗಬಹುದು. ಎರಡರ ದನಿ ಬೇರೆ. ಮಕ್ಕಳಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಅವಳಿಗೆ ಇಷ್ಟು ಹೇಳಿದೆ: ‘ಚಿಕನ್ ಅನ್ಬೇಡ. ಹೇಳ್ಬೇಕು ಅನ್ನಿಸಿದ್ರೆ ಬಾಡು ಅನ್ನು. ಅನ್ನಿಸ್ದಿದ್ರೆ ನಮ್ಮನೆ ಊಟ ಅನ್ನು, ಅದು ಸುಳ್ಳಲ್ಲ. ಉತ್ತರ ಕೊಡೋ ಸಾಲ ನಿನ್ನ ಮೇಲಿಲ್ಲ.’

ಉಳಿದ ಕೆಲಸ ದೊಡ್ಡವರದು, ಅದರಲ್ಲೂ ಮೇಷ್ಟ್ರುಗಳದು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡವೆಂದರು. ಬೇಕು ಎಂದು ಕೇಳಿದವರು ಮಕ್ಕಳು. ಆಗ ಎಷ್ಟು ಜನ ಮೇಷ್ಟ್ರು ಬಾಯಿ ಬಿಟ್ಟೆವು? ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಇನ್ನೊಬ್ಬನ ಡಬ್ಬಿ ನೋಡಿ ಮೂಗು ಮುಚ್ಚಿದ ದಿನ ಆ ಮೂಗಿನ ಪಾಠ ಮೊದಲು ಆಗಬೇಕು, ಗಣಿತ ಆಮೇಲೆ.

ಭಾಯ್ ಹತ್ತಿರ ‘ಪೇಪರು ಬೇಡ, ಸ್ಟೀಲ್ ಡಬ್ಬಿ ತರ್ತೀನಿ’ ಎಂದು ಹೇಳಬೇಕೆಂದಿದ್ದೇನೆ. ಇನ್ನೂ ಹೇಳಿಲ್ಲ. ನಾನು ಧೈರ್ಯ ತೋರಿಸಲು ಹೋಗಿ ಅದರ ಬೆಲೆಯನ್ನು ಅವರ ಅಂಗಡಿಯ ಬಾಗಿಲು ತೆರಬೇಕಾದೀತು. ಮೊದಲು ಅವರನ್ನೇ ಕೇಳಬೇಕು. ಓನರಿಗೆ ಮಾತ್ರ ಹೇಳಿದೆ. ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು, ‘ನಾವು ಎಮ್ಮೆ ಬಾಡೂ ತಿಂತೀವಿ’ ಎಂದೆ. ಅವರು ಸ್ವಲ್ಪ ಹೊತ್ತು ನೆಲ ನೋಡಿದರು. ‘ಬಾಡಿಗೆ ಒಂದನೇ ತಾರೀಕಿಗೆ ಕೊಡಿ’ ಎಂದು ಒಳಗೆ ಹೋದರು. ಮುಂದೇನಾಗುತ್ತದೋ ನೋಡಬೇಕು.

ಅವ್ವನ ತಟ್ಟೆಯ ವಿಷಯ ಹೇಳುವುದು ಉಳಿಯಿತು. ಆ ಎರಡನೆಯ ಸುರುಳಿಯನ್ನು ಮೊಮ್ಮಗನೇ ಎತ್ತಿ ಮತ್ತೆ ಅಜ್ಜಿಯ ತಟ್ಟೆಗೆ ಹಾಕಿದ. ಅವಳು ಬೈದಳು. ಆಮೇಲೆ ತಿಂದಳು.