ಒಂದು ಕ್ಲಿಪ್ ಇಲ್ಲದಿದ್ರೆ ಏನಾಗತ್ತೆ?

ಬೈಕು ಮಾರೋಣ ಅಂತ ತೀರ್ಮಾನ ಮಾಡಿದ ಮೇಲೇ ಅದರ ಎಡಗಡೆಯಿಂದ ಟರಟರ ಅಂತ ಸದ್ದು ಬರೋಕೆ ಶುರುವಾಯ್ತು. ಅಥವಾ ಮೊದಲಿಂದಲೂ ಬರ್ತಿತ್ತೋ ಏನೋ, ನನ್ನ ಕಿವಿಗೆ ಬಿದ್ದಿರಲಿಲ್ಲ. ಆರು ವರ್ಷ ಓಡಿಸಿದ ಗಾಡಿ. 60 ದಾಟಿದ ಕೂಡಲೇ ಸದ್ದು, 70ರಲ್ಲಿ ತಾನಾಗಿ ನಿಂತುಹೋಗ್ತಿತ್ತು. ತಗೊಳ್ಳೋನು ಹೋದ ವರ್ಷ ನಮ್ಮ ಟೀಮಿಗೆ ಸೇರಿದ ದಾವಣಗೆರೆಯ ಹುಡುಗ, ನನ್ನನ್ನ "ಅಣ್ಣ" ಅಂತಾನೆ. ರೇಟು ಮಾತಾಡಿ ಆಗಿತ್ತು, ಅಡ್ವಾನ್ಸೂ ಬಂದಿತ್ತು. ಸದ್ದು ಮಾಡೋ ಗಾಡೀನ ಅವನ ಕೈಗೆ ಹೇಗೆ ಕೊಡೋದು ಅಂತ ಒಂದು ಶನಿವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹಳೇ ಬೆಡ್‌ಶೀಟ್ ಹಾಸಿಕೊಂಡು ಕೂತೆ.

ಫೇರಿಂಗ್ ಇರೋ ಬೈಕನ್ನ ಯಾವತ್ತೂ ಬಿಚ್ಚಿ ನೋಡದವರಿಗೆ ಒಂದು ಮಾತು. ಎಂಜಿನ್ನಿನ ಅಕ್ಕಪಕ್ಕ ಇರೋ ಆ ಬಣ್ಣದ ಪ್ಲಾಸ್ಟಿಕ್ ಪ್ಯಾನೆಲ್‌ಗಳನ್ನ ಬರೀ ಬೋಲ್ಟುಗಳು ಹಿಡಿದುಕೊಂಡಿರಲ್ಲ. ಒಂದು ಪ್ಯಾನೆಲ್ಲಿನ ಅಂಚು ಇನ್ನೊಂದರ ಮೇಲೆ ಬರೋ ಕಡೆಯೆಲ್ಲ ಅಂಗಿ ಗುಂಡಿಯಷ್ಟು ದೊಡ್ಡ ಕರೀ ಪ್ಲಾಸ್ಟಿಕ್ ಕ್ಲಿಪ್‌ಗಳಿರ್ತವೆ. ಕೆಳಗೆ ಕವಲೊಡೆದ ಕಾಲು, ನಡುವೆ ಒಂದು ಪುಟ್ಟ ಪಿನ್. ಪಿನ್ನನ್ನ ತಲೆಯ ಮಟ್ಟಕ್ಕೆ ಒತ್ತಿದರೆ ಕಾಲುಗಳು ಅಗಲವಾಗಿ ತೂತಿನ ಹಿಂದೆ ಕಚ್ಚಿಕೊಳ್ತವೆ. ಬಿಚ್ಚೋವಾಗ ಅದೇ ಪಿನ್ನನ್ನ ಇನ್ನೊಂದೆರಡು ಮಿಲಿಮೀಟರ್ ಒಳಗೆ ಒತ್ತಬೇಕು. ಆಗ ಟಕ್ ಅಂತ ಕಾಲು ಸಡಿಲವಾಗಿ ಇಡೀ ಕ್ಲಿಪ್ಪು ಕೈಗೆ ಬರತ್ತೆ. ಪಿನ್ ಎತ್ತಿ ತೆಗೆಯೋ ಇನ್ನೊಂದು ಜಾತಿಯೂ ಇದೆ. ಆದರೆ ನನ್ನ ಗಾಡಿಯದು ಒತ್ತೋ ಜಾತಿ. ಎತ್ತಬಾರದು, ಒತ್ತಬೇಕು. ಇದು ನನಗೆ ಆಗ ಗೊತ್ತಿರಲಿಲ್ಲ.

ಎಡಗಡೆ ಪ್ಯಾನೆಲ್ಲಿನಲ್ಲಿ ಕ್ಲಿಪ್‌ಗೆ ಏಳು ಜಾಗ. ಇದ್ದ ಕ್ಲಿಪ್ಪು ಮೂರು. ಅಕ್ಕಪಕ್ಕದ ಎರಡು ಜಾಗ ಖಾಲಿ, ಸದ್ದು ಬರ್ತಿದ್ದದ್ದು ಅಲ್ಲಿಂದಲೇ. ಒಂದು ಕಡೆ ಕೇಬಲ್ ಟೈ ಬಿಗಿದಿದ್ರು. ಇನ್ನೊಂದು ಕಡೆ ಎಲ್ಲಿಂದಲೋ ತಂದ ಸ್ಕ್ರೂ ತಿರುಗಿಸಿ ತುರುಕಿದ್ರು, ತೂತಿನ ಅಂಚು ಬಿರುಕು ಬಿಟ್ಟಿತ್ತು. ನಾನು ಈ ಪ್ಯಾನೆಲ್ ಮುಟ್ಟಿದ್ದು ಅದೇ ಮೊದಲು. ಅಂದ್ರೆ ಇಷ್ಟೂ ವರ್ಷ ಸರ್ವೀಸಿಗೆ ಕೊಟ್ಟು, ಬಿಲ್ ಕಟ್ಟಿ, ತೊಳೆದು ಹೊಳೆಯೋ ಗಾಡಿ ವಾಪಸ್ ತರ್ತಿದ್ದಾಗಲೆಲ್ಲ ಒಂದೊಂದೇ ಕ್ಲಿಪ್ ಕಡಿಮೆಯಾಗ್ತಾ ಬಂದಿತ್ತು. ಅಲ್ಲೇ ಕೂತು ಫೋನಿನಲ್ಲಿ ಸರ್ವೀಸಿನವರಿಗೆ ಉದ್ದದ ಮೇಲ್ ಬರೆದೆ. "ಮೋಸ" ಅನ್ನೋ ಪದ ಮೂರು ಸಲ ಬಂತು. ಸಂಜೆ ಕಳಿಸೋಣ ಅಂತ ಇಟ್ಟುಕೊಂಡೆ.

ಆಮೇಲೆ ಉಳಿದ ಮೂರು ಕ್ಲಿಪ್ ತೆಗೆಯೋಕೆ ಹೋದೆ. ಸ್ಕ್ರೂಡ್ರೈವರ್ ತುದಿ ತಲೆಯ ಕೆಳಗೆ ಸಿಕ್ಕಿಸಿ ಮೀಟಿದೆ. ಮೊದಲನೇದರ ತಲೆ ಹಾರಿಹೋಯ್ತು. ಎರಡನೇದರ ಕಾಲು ಮುರೀತು. ಬಿಸಿಲು, ಎಂಜಿನ್ನಿನ ಶಾಖ ತಿಂದು ತಿಂದು ಪ್ಲಾಸ್ಟಿಕ್ ಪೆಡಸಾಗಿತ್ತು. ಮೂರನೇದಕ್ಕೆ ಬರೋ ಹೊತ್ತಿಗೆ ಬುದ್ಧಿ ಬಂತು. ಯೂಟ್ಯೂಬ್ ನೋಡಿ, ಒತ್ತಿ ತೆಗೆದೆ. ಆರು ವರ್ಷದಲ್ಲಿ ಅವರು ಕಳೆದದ್ದು ನಾಲ್ಕು. ಹತ್ತು ನಿಮಿಷದಲ್ಲಿ ನಾನು ಮುರಿದದ್ದು ಎರಡು.

ಬನಶಂಕರಿಯಿಂದ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದು ಜೆ.ಸಿ. ರಸ್ತೆಗೆ ನಡೆದೆ. ಅಂಗಡಿಯವರು, "ಆರು ಎಂಎಮ್ಮಾ, ಎಂಟಾ? ಹಳೇದು ತಂದಿದೀರಾ ಬಾಸ್?" ಅಂದ್ರು. ತಂದಿರಲಿಲ್ಲ. ಮತ್ತೆ ಮನೆಗೆ ಬಂದು, ಮತ್ತೆ ಹೋದೆ. ಒಂದಕ್ಕೆ 10 ರೂಪಾಯಿ, ಬೇಕಾದಷ್ಟೇ ಲೆಕ್ಕ ಹಾಕಿ ಆರು ತಗೊಂಡೆ. ಕ್ಲಿಪ್ಪಿಗೆ 60 ರೂಪಾಯಿ, ಇಡೀ ಶನಿವಾರ ಅದಕ್ಕೆ ಬಡ್ಡಿ.

ವಾಪಸ್ ಬರ್ತಾ ಮೆಟ್ರೋದಲ್ಲಿ ಆ ಮೆಕ್ಯಾನಿಕ್ ಹುಡುಗನ ನೆನಪಾಯ್ತು. ಇಪ್ಪತ್ತರ ಆಸುಪಾಸು. ಅವನೆದುರು ಸಾಲಾಗಿ ಗಾಡಿಗಳು, ಎಲ್ಲದರ ಓನರ್‌ಗೂ ಸಂಜೆಯೊಳಗೆ ಬೇಕು. ಜಾಬ್ ಕಾರ್ಡಿನಲ್ಲಿ ಆಯಿಲ್‌ಗೆ, ಫಿಲ್ಟರ್‌ಗೆ, ತೊಳೆಯೋದಕ್ಕೂ ಒಂದು ಸಾಲಿದೆ. ಕ್ಲಿಪ್ಪಿಗೆ ಇಲ್ಲ. ಬಿಚ್ಚುವಾಗ ಮುರಿದರೆ ಅವನೇನು ಮಾಡ್ತಾನೆ? ತನ್ನ ಜೇಬಿಂದ ತರ್ತಾನಾ? ಅರ್ಧ ದಿನ ಗಾಡಿ ನಿಲ್ಲಿಸ್ತಾನಾ? ಬಿಲ್ಲಿನಲ್ಲಿ "ಕ್ಲಿಪ್, 6" ಅಂತ ಬಂದಿದ್ದರೆ ಇದೇನ್ ಸುಲಿಗೆ ಅಂತ ಕೂಗಾಡೋರಲ್ಲಿ ನಾನೇ ಮೊದಲಿಗ. ಅವನು ಯಾಕೆ ಹಾಗೆ ಮಾಡಿದ ಅಂತ ಅರ್ಥವಾಯ್ತು. ಆದರೆ ಅರ್ಥವಾಗೋದು ಬೇರೆ, ಸರಿ ಅನ್ನೋದು ಬೇರೆ. ನಾವು ಎರಡನ್ನೂ ಕಲಸಿಬಿಡ್ತೀವಿ. ಕಾರಣ ಗೊತ್ತಾದ ತಕ್ಷಣ ಒಂದೋ ತಪ್ಪನ್ನ ಮನ್ನಾ ಮಾಡ್ತೀವಿ, ಇಲ್ಲಾ ತಪ್ಪು ಮನ್ನಾ ಆಗಿಬಿಡತ್ತೆ ಅನ್ನೋ ಹೆದರಿಕೆಗೆ ಕಾರಣಾನೇ ಕೇಳಲ್ಲ.

ಭಾನುವಾರ ಜೋಡಿಸೋಕೆ ಕೂತೆ. ಬಿರುಕಿಗೆ ಹಿಂದಿನಿಂದ ಎಪಾಕ್ಸಿ ಹಚ್ಚಿ ರಾತ್ರಿಯೇ ಒಣಗೋಕೆ ಬಿಟ್ಟಿದ್ದೆ. ಪಿನ್ನನ್ನ ಮೇಲಕ್ಕೆ ಎಬ್ಬಿಸಿಕೊಂಡು, ಕಾಲು ತೂತಿಗಿಳಿಸಿ, ಹೆಬ್ಬೆರಳಲ್ಲಿ ಒತ್ತಿದರೆ ಟಕ್. ಆ ಸದ್ದಿನಲ್ಲಿ ಎಷ್ಟು ಸಮಾಧಾನ ಇದೆ ಅಂತ ಮಾಡಿದವರಿಗೇ ಗೊತ್ತು. ಆರು ಟಕ್ ಆಯ್ತು. ಏಳನೇದು ಬೆರಳಿಂದ ಜಾರಿ ಎಂಜಿನ್ನಿನ ಸಂದಿಗೆ ಬಿತ್ತು. ಟಾರ್ಚ್ ಹಾಕಿ ಹುಡುಕಿದೆ, ಗಾಡಿ ಅಲ್ಲಾಡಿಸಿದೆ, ಪಕ್ಕದ ಕಾರಿನಡಿ ಪೊರಕೆ ಆಡಿಸಿದೆ. ಇಲ್ಲ. ನಾನು ಹೋದ ಅಂಗಡಿಗೆ ಭಾನುವಾರ ರಜಾ. ಉಳಿದಿದ್ದ ಜಾಗವೋ ಮುಂದಿನ ಫೋರ್ಕಿನ ಹಿಂದೆ, ಇನ್ನೊಂದು ಪ್ಯಾನೆಲ್ಲಿನ ಮರೆಯಲ್ಲಿ. ಗಾಡಿ ಬಿಚ್ಚದ ಹೊರತು ಯಾರಿಗೂ ಕಾಣಲ್ಲ. ಬೋಲ್ಟ್ ಬಿಗಿದು ಒಂದು ರೌಂಡ್ ಹೋಗಿಬಂದೆ. 60ರಲ್ಲೂ ಸದ್ದಿಲ್ಲ, 70ರಲ್ಲೂ ಇಲ್ಲ.

ಆರಿದ್ದರೆ ಸಾಕಲ್ವಾ? ಆ ಪ್ರಶ್ನೆ ನನ್ನ ಬಾಯಿಂದ ಬಂದಾಗ ಅದು ಆ ಮೆಕ್ಯಾನಿಕ್ಕಿನ ಪ್ರಶ್ನೆಯೂ ಆಗಿತ್ತು ಅಂತ ಹೊಳೀತು. ಇಲ್ಲೊಂದು ಮೋಜಿದೆ. ಏಳರಲ್ಲಿ ಒಂದು ಹೋದರೆ ಏನೂ ಆಗಲ್ಲ, ಇದು ನಿಜ. ಆರರಲ್ಲಿ ಒಂದು ಹೋದರೂ ಬಹುಶಃ ಏನೂ ಆಗಲ್ಲ. ಹಾಗಂತ ಪ್ರತಿ ಸಲವೂ ನಿಜವನ್ನೇ ಹೇಳ್ತಾ ಹೇಳ್ತಾ ಮೂರಕ್ಕೆ ಬಂದು ನಿಲ್ತೀವಿ. ಕೊನೆಗೆ ಯಾವ ಒಬ್ಬನನ್ನೂ ತೋರಿಸಿ ಇವನೇ ಕೆಡಿಸಿದ ಅನ್ನೋಕಾಗಲ್ಲ.

ಆದರೆ "ಏನೂ ಆಗಲ್ಲ" ಅನ್ನೋದು ಪೂರ್ತಿ ನಿಜವೂ ಅಲ್ಲ. ಒಂದು ಕ್ಲಿಪ್ ಇಲ್ಲದಿದ್ದರೆ ಅದು ಹೊರಬೇಕಿದ್ದ ಅದುರು ಮಾಯವಾಗಲ್ಲ, ಪಕ್ಕದ ಕ್ಲಿಪ್ಪಿಗೆ, ಪಕ್ಕದ ತೂತಿಗೆ ಹೋಗತ್ತೆ. ಮೊದಲು ಬಿರುಕು ಬಿಡೋದು ಸರಿಯಾಗಿ ನಿಂತುಕೊಂಡಿರೋ ಜಾಗವೇ. ಹೋದ ವರ್ಷ ನಾನು ಆಫೀಸಿನಲ್ಲಿ ಶುಕ್ರವಾರ ಸಂಜೆ ಫೇಲ್ ಆಗ್ತಿದ್ದ ಒಂದು ಟೆಸ್ಟನ್ನ ಕಾಮೆಂಟ್ ಮಾಡಿ, "ಸೋಮವಾರ ನೋಡೋಣ" ಅಂತ ಬರೆದು ಹೊರಟಿದ್ದೆ. ಸೋಮವಾರಗಳು ಬಂದು ಹೋದವು, ನಾನು ನೋಡಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂದದ್ದು ನನಗಲ್ಲ, ಆ ವಾರ ಆನ್‌ಕಾಲ್‌ನಲ್ಲಿದ್ದ ಸಹೋದ್ಯೋಗಿಗೆ. ಜ್ವರದ ಮಗೂನ ತೊಡೆ ಮೇಲೆ ಮಲಗಿಸಿಕೊಂಡು ಬೆಳಗಿನ ತನಕ ಹುಡುಕಿದರು. ಕಾರಣ ಸಿಕ್ಕಾಗ ನನಗೆ ಏನೂ ಅನ್ನಲಿಲ್ಲ. ಆ ಸಾಲಿನ ಸ್ಕ್ರೀನ್‌ಶಾಟ್ ಮಾತ್ರ ಕಳಿಸಿದರು. ನನ್ನ ಖಾಲಿ ಜಾಗದ ಭಾರ ಅವರು ಹೊತ್ತಿದ್ದರು.

ಆಯ್ದಕ್ಕಿ ಲಕ್ಕಮ್ಮನ ಕತೆ ಶಾಲೆಯಲ್ಲಿ ಎಲ್ಲರೂ ಕೇಳಿರ್ತೀವಿ. ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರೋದು, ಅದೇ ಅವರ ಕಾಯಕ. ಒಂದಿನ ದಿನಕ್ಕಿಂತ ಜಾಸ್ತಿ ತಂದಾಗ, ಇದು ನಮ್ಮದಲ್ಲ, ವಾಪಸ್ ಸುರಿದು ಬನ್ನಿ ಅಂತ ಕಳಿಸ್ತಾಳೆ. ಚಿಕ್ಕಂದಿನಲ್ಲಿ ಇದು ದುರಾಸೆ ಬೇಡ ಅನ್ನೋ ಪಾಠ ಅಂದುಕೊಂಡಿದ್ದೆ. ಈಗ ಅನ್ಸತ್ತೆ, ಅವಳ ದೊಡ್ಡತನ ಅದಕ್ಕೂ ಮೊದಲೇ ಶುರುವಾಗತ್ತೆ. ಅವಳಿಗೆ ದಿನದ ಅಳತೆ ಗೊತ್ತಿತ್ತು, ಅದಕ್ಕೇ ಹೆಚ್ಚಾದದ್ದು ಕಂಡಿತು. ನನಗೆ ನನ್ನ ಗಾಡಿಯಲ್ಲಿ ಏಳು ಕ್ಲಿಪ್ಪಿತ್ತು ಅನ್ನೋದೇ ಗೊತ್ತಿರಲಿಲ್ಲ. ಅಳತೆ ಗೊತ್ತಿಲ್ಲದವನಿಗೆ ಆತ್ಮಸಾಕ್ಷಿ ಚುಚ್ಚೋದಾದರೂ ಎಲ್ಲಿ? ಪ್ರಾಮಾಣಿಕತೆ ಅಂದ್ರೆ ಸುಳ್ಳು ಹೇಳದೇ ಇರೋದು ಅಂತಷ್ಟೇ ತಿಳಿದಿದ್ದೆ. ಎಣಿಸೋದೂ ಅದರಲ್ಲಿ ಸೇರಿದೆ.

ಭಾನುವಾರ ರಾತ್ರಿ ಹುಡುಗನಿಗೆ ಫೋನ್ ಮಾಡಿದೆ. ಒಂದು ತೂತು ಬಿರುಕು ಬಿಟ್ಟಿದೆ, ಎಪಾಕ್ಸಿ ಹಾಕಿದೀನಿ, ಒಳಗಡೆ ಒಂದು ಕ್ಲಿಪ್ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕ. "ಇಷ್ಟೇನಾ ಅಣ್ಣಾ? ನಿಮ್ ದನಿ ಕೇಳಿ ಎಂಜಿನ್ನೇ ಹೋಗ್ಯದೆ ಅಂದ್ಕೊಂಡ್ನಿ."

ನಿಜ ಹೇಳ್ತೀನಿ, ಸ್ವಲ್ಪ ಬೇಜಾರಾಯ್ತು. ಹೇಳೋಕೆ ಅಷ್ಟೊಂದು ಒದ್ದಾಡಿದವನಿಗೆ ಒಂದು ಶಹಭಾಸ್ ಬೇಕಿತ್ತು ಅನ್ಸತ್ತೆ. ಆದರೆ ಶಹಭಾಸ್‌ಗೋಸ್ಕರ ಹೇಳಿದ್ದಾದರೆ, ಅದೂ ಯಾರಾದರೂ ನೋಡಲಿ ಅಂತ ಮಾಡಿದ ಕೆಲಸವೇ ಆಯ್ತಲ್ಲ. ಸೋಮವಾರ ಸಂಜೆ ಮತ್ತೆ ಜೆ.ಸಿ. ರಸ್ತೆಗೆ ಹೋಗಿ ಎರಡು ಕ್ಲಿಪ್ ತಂದು, ಒಂದನ್ನ ಹಾಕಿ, ಇನ್ನೊಂದನ್ನ ಸೀಟಿನ ಕೆಳಗಿನ ಟೂಲ್ ಕಿಟ್ಟಿನಲ್ಲಿಟ್ಟೆ. ಸರ್ವೀಸಿನವರಿಗೆ ಬರೆದ ಮೇಲಿನಿಂದ ಮೂರು "ಮೋಸ"ವನ್ನೂ ತೆಗೆದು, ಲೆಕ್ಕ ಮಾತ್ರ ಉಳಿಸಿ ಕಳಿಸಿದೆ. ಮುರಿದ ಕ್ಲಿಪ್ಪಿಗೆ ಬಿಲ್ಲಿನಲ್ಲಿ ದುಡ್ಡು ಹಾಕಿ, ಗಿರಾಕಿಗಳು ಕೊಡ್ತಾರೆ ಅಂತ ಒಂದು ಸಾಲು ಸೇರಿಸಿದೆ. ಉತ್ತರ ಇನ್ನೂ ಬಂದಿಲ್ಲ.

ಹುಡುಗನ ಫೋನ್ ಮಾತ್ರ ತಿಂಗಳಾದ ಮೇಲೆ ಬಂತು. ಹಾರ್ನ್ ವೈರ್ ನೋಡೋಕೆ ತಾನೇ ಪ್ಯಾನೆಲ್ ಬಿಚ್ಚಿದ್ದನಂತೆ.

"ಅಣ್ಣಾ, ಏಳರಾಗ ಆರೇ ಸಿಕ್ಕಾವು. ಟೂಲ್ ಕಿಟ್ಟಿನಾಗ ಇರೋದು ಅದರದ್ದೇ ಏನು?"