ಮಂಡಲ ಕಾಲದ ಚಿಂತನೆ: ಮಕ್ಕಳ ರಜೆ, ಮನಾಲಿ, ಮಾಲೆ



 ನಾನು ಪಂಡಿತನಲ್ಲ. ಹಾಸನದಲ್ಲಿ ಡಿಪ್ಲೊಮಾ ಮುಗಿಸಿ ಬಂದು ನೋಯ್ಡಾದಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುವವನು. ಮಾಲೆ ಹಾಕುತ್ತಿರುವುದು ಇದು ಐದನೇ ವರ್ಷ. ಈ ವಾರ ಬರೆಯುವ ಸರದಿ ನನ್ನದು ಅಂತ ಗುರುಸ್ವಾಮಿಗಳು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಮೊದಲೇ ಕ್ಷಮೆ ಕೇಳುತ್ತೇನೆ.

ನವೆಂಬರ್ ಮಧ್ಯದಲ್ಲಿ ವೃಶ್ಚಿಕ ಮಾಸ ಹುಟ್ಟಿ ಮಂಡಲ ಶುರುವಾಗುತ್ತದೆ. 41 ದಿನ ತುಂಬಿ ಡಿಸೆಂಬರ್ 26 ಅಥವಾ 27ಕ್ಕೆ ಮಂಡಲ ಪೂಜೆ. ದೆಹಲಿ, ನೋಯ್ಡಾ, ಗಾಜಿಯಾಬಾದ್ ಕಡೆ ಇರುವ ನಮಗೆ ಇದೇ ದಿನಗಳಲ್ಲಿ ಹೊಗೆ, ಮಂಜು, ಚಳಿ ಎಲ್ಲಾ ಒಟ್ಟಿಗೆ ಬರುತ್ತದೆ. ಆಫೀಸಿನವರಿಗೆ ವರ್ಷದ ಕೊನೆಯ ರಜೆ, ಮಕ್ಕಳಿಗೆ ಚಳಿಗಾಲದ ರಜೆ ಬರುವುದೂ ಆಗಲೇ. ಹೀಗಾಗಿ ಒಂದೇ ಮನೆಯಲ್ಲಿ ಒಬ್ಬರ ಕೊರಳಲ್ಲಿ ಮಾಲೆ ಇರುತ್ತದೆ, ಇನ್ನೊಬ್ಬರ ಮೊಬೈಲಿನಲ್ಲಿ ಮನಾಲಿ ಹೋಟೆಲಿನ ಬುಕಿಂಗ್ ಇರುತ್ತದೆ. ಮಕ್ಕಳಿಗೆ ಮಾಲೆ ಹಾಕಿಸಬೇಕೋ, ಪ್ರವಾಸಕ್ಕೆ ಕರಕೊಂಡು ಹೋಗಬೇಕೋ ಅಂತ ಗುಂಪಿನಲ್ಲಿ ಕೆಲವರು ಕೇಳಿದ್ದೀರಿ. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಕಳೆದ ವರ್ಷ ನಾನು ಮಾಡಿದ ಒಂದು ತಪ್ಪನ್ನು ಮಾತ್ರ ಹೇಳುತ್ತೇನೆ.

ನಾನು ಇಂದಿರಾಪುರಂನಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದೇನೆ. ಅವರಿಗೆ ಒಬ್ಬಳೇ ಮಗಳು. ಪುಟ್ಟಿ ಅಂತಲೇ ಕರೆಯುತ್ತೇವೆ. ಕಳೆದ ವರ್ಷ ಅವಳಿಗೆ ಒಂಬತ್ತು ವರ್ಷ, ಮಾರ್ಚ್‌ಗೆ ಹತ್ತು ತುಂಬುತ್ತಿತ್ತು. ಹತ್ತರಿಂದ ಐವತ್ತರವರೆಗಿನ ಹೆಣ್ಣುಮಕ್ಕಳು ಬೆಟ್ಟ ಹತ್ತುವುದಿಲ್ಲ ಎನ್ನುವ ಸಂಪ್ರದಾಯವನ್ನು ನಮ್ಮ ಮನೆಯಲ್ಲಿ ಪಾಲಿಸುತ್ತೇವೆ. ಅಂದರೆ ಆ ಸಲ ಬಿಟ್ಟರೆ ಅವಳು ನಲವತ್ತು ವರ್ಷ ಕಾಯಬೇಕು. ನನ್ನ ತಲೆಯಲ್ಲಿ ಅದೊಂದೇ ಕೂತಿತ್ತು. ಸಪೋರ್ಟ್ ಕೆಲಸದಲ್ಲಿ ಟಿಕೆಟ್ ಬಂದರೆ ಇಷ್ಟು ಗಂಟೆಯೊಳಗೆ ಕ್ಲೋಸ್ ಮಾಡಬೇಕು ಅಂತ ಇರುತ್ತದೆ. ನಾನು ಮಗುವನ್ನೂ ಹಾಗೇ ನೋಡಿದೆ. ಹತ್ತು ತುಂಬುವುದರೊಳಗೆ ಕ್ಲೋಸ್ ಆಗಬೇಕು, ಅಷ್ಟೇ.

ಪುಟ್ಟಿಗೆ ಆಸೆ ಇದ್ದದ್ದು ಹಿಮದ ಮೇಲೆ. ಅವಳ ಕ್ಲಾಸಿನಲ್ಲಿ ಅರ್ಧ ಮಕ್ಕಳು ಹಿಮ ನೋಡಿ ಬಂದಿದ್ದರಂತೆ. ಅಣ್ಣ ಡಿಸೆಂಬರ್ 25ರಿಂದ ನಾಲ್ಕು ದಿನ ಮನಾಲಿಗೆ ಬುಕ್ ಮಾಡಿದ್ದ. ನಾನು ಮಾಲೆ ಹಾಕುವ ಹಿಂದಿನ ರಾತ್ರಿ ಅವಳನ್ನು ಕೂರಿಸಿಕೊಂಡು, "ಈ ಸಲ ನೀನೂ ಮಾಲೆ ಹಾಕ್ಕೋ ಪುಟ್ಟಿ, ಹಿಮ ಮುಂದಿನ ವರ್ಷವೂ ಇರುತ್ತೆ" ಅಂದೆ. ಅವಳು ತಲೆ ಅಲ್ಲಾಡಿಸಿದಳು. "ನಂಗೆ ಬೇಡ ಚಿಕ್ಕಪ್ಪ, ಬೆಳಿಗ್ಗೆ ತುಂಬಾ ಚಳಿ" ಅಂದಳು. ನನಗೆ ರೇಗಿತು. "ಬೇಡ ಅಂದ್ರೆ ಸ್ವಾಮಿಗೆ ಕೋಪ ಬರುತ್ತೆ. ಮನಾಲಿಗೆ ಹೋಗೋ ದಾರೀಲಿ ಏನಾದ್ರೂ ಆದ್ರೆ ನಿನ್ನಿಂದಲೇ" ಅಂದುಬಿಟ್ಟೆ.

ಮಗು ಅಳಲಿಲ್ಲ. ಎದ್ದು ಒಳಗೆ ಹೋದಳು. ಆದರೆ ಮಾರನೇ ದಿನದಿಂದ ದೇವರ ಕೋಣೆಯ ಮುಂದೆ ಹಾದುಹೋಗುವಾಗ ಆ ಕಡೆ ನೋಡುತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿಕೊಂಡು ಓಡುತ್ತಿದ್ದಳು. ಅದನ್ನು ಮೊದಲು ಗಮನಿಸಿದ್ದು ನಮ್ಮ ಅಮ್ಮ.

ಅಮ್ಮ ಆಗ ಊರಿಂದ ಬಂದಿದ್ದರು. ಅವರಿಗೆ ಅರವತ್ತೆರಡು. ಅಪ್ಪ ಹದಿನಾಲ್ಕು ಸಲ ಬೆಟ್ಟ ಹತ್ತಿದವರು. ಅಮ್ಮ ಅಷ್ಟು ವರ್ಷವೂ ಅಪ್ಪನ ಕಪ್ಪು ಪಂಚೆ ಒಗೆದರು, ಅಡುಗೆ ಮಾಡಿದರು, ಇರುಮುಡಿಗೆ ಅಕ್ಕಿ ಹಾಕಿ ಕಳಿಸಿದರು. ಒಂದು ಸಲವೂ ಹೋಗಿರಲಿಲ್ಲ. "ಅವಳನ್ನ ಯಾಕೋ ಹೆದರಿಸಿದೆ?" ಅಂತ ಕೇಳಿದರು. ನಾನು ನಲವತ್ತು ವರ್ಷದ ಲೆಕ್ಕ ಹೇಳಿದೆ. ಅಮ್ಮ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಅವಳ ಹೊತ್ತು ಅವಳಿಗೆ ಬರುತ್ತೆ ಬಿಡು. ನನಗೆ ಅರವತ್ತೆರಡಕ್ಕೆ ಬಂದಿದೆ. ಈ ಸಲ ನಾನು ಬರ್ತೀನಿ, ನನಗೆ ಮಾಲೆ ಹಾಕಿಸು."

ಸ್ವಾಮಿಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ನಾವು ಮಾಲೆ ಹಾಕಿದ ದಿನದಿಂದ ಎದುರಿಗೆ ಸಿಕ್ಕವರನ್ನೆಲ್ಲ ಸ್ವಾಮಿ ಅಂತ ಕರೆಯುತ್ತೇವೆ. ಆಟೋದವನು ಸ್ವಾಮಿ, ವಾಚ್‌ಮನ್ ಸ್ವಾಮಿ, ಆಫೀಸಿನಲ್ಲಿ ಬೈಯುವ ಮ್ಯಾನೇಜರ್ ಕೂಡ ಸ್ವಾಮಿ. ಸನ್ನಿಧಾನದಲ್ಲಿ ಬರೆದಿರುವ ಮಾತು ತತ್ತ್ವಮಸಿ, ಅದು ನೀನೇ ಆಗಿದ್ದೀಯ ಅಂತ. ಹಾಗಿದ್ದಮೇಲೆ ನಮ್ಮ ಮನೆಯ ಮಗುವಿನೊಳಗೂ ಅದೇ ಸ್ವಾಮಿ ಇದ್ದಾನೆ ತಾನೆ? ಒಳಗಿರುವ ಸ್ವಾಮಿಯನ್ನು ಹೆದರಿಸಿ, ಎಳೆದುಕೊಂಡು ಹೋಗಿ, ಹೊರಗಿನ ಸ್ವಾಮಿಗೆ ತೋರಿಸಿದರೆ ಯಾರು ಮೆಚ್ಚುತ್ತಾರೆ?

ಇನ್ನೂ ಒಂದು ಮಾತಿದೆ. ಮಣಿಕಂಠನ ಕಥೆ ನಮಗೆಲ್ಲ ಬಾಯಿಪಾಠ. ಮಕ್ಕಳಿಲ್ಲದ ಪಂದಳದ ರಾಜನಿಗೆ ಪಂಪಾ ತೀರದಲ್ಲಿ ಕೊರಳಲ್ಲಿ ಮಣಿ ಕಟ್ಟಿಕೊಂಡ ಮಗು ಸಿಕ್ಕಿತು. ಆಮೇಲೆ ರಾಣಿಗೆ ಒಂದು ಮಗುವಾಯಿತು, ಮಂತ್ರಿ ಕಿವಿ ಊದಿದ. ಸುಳ್ಳು ತಲೆನೋವು, ಹುಲಿಯ ಹಾಲು ಬೇಕೆನ್ನುವ ಸುಳ್ಳು ಔಷಧಿ. ಹನ್ನೆರಡು ವರ್ಷದ ಬಾಲಕ ಕಾಡಿಗೆ ಹೊರಟ. ನಾವು ಈ ಕಥೆಯಲ್ಲಿ ಹುಲಿಯ ಮೇಲೆ ಕೂತು ಬಂದದ್ದನ್ನು ಮಾತ್ರ ಜೋರಾಗಿ ಹೇಳುತ್ತೇವೆ. ದೊಡ್ಡವರು ತಮ್ಮ ಆಸೆಗೆ, ತಮ್ಮ ಭಯಕ್ಕೆ ಒಂದು ಮಗುವಿನ ತಲೆಯ ಮೇಲೆ ಭಾರ ಹೊರಿಸಿದರು ಅನ್ನುವುದನ್ನು ಮೆತ್ತಗೆ ದಾಟಿಬಿಡುತ್ತೇವೆ. ಅವನು ಹರಿಹರಸುತ, ಹೊತ್ತುಕೊಂಡ. ನಮ್ಮ ಮಕ್ಕಳ ತಲೆಯ ಮೇಲೆ ನಾವು ಏನು ಹೊರಿಸುತ್ತಿದ್ದೇವೆ ಅಂತ ನೋಡಿಕೊಳ್ಳಬೇಕು.

ಆಮೇಲೆ ಏನಾಯಿತು? ಮಗ ಅರಮನೆಗೆ ವಾಪಸ್ ಬಂದು ಇರಲಿಲ್ಲ. ತಂದೆಯೇ ಮಗನನ್ನು ನೋಡಲು ಕಾಡು ಹತ್ತಬೇಕಾಯಿತು. ಇರುಮುಡಿ ಹುಟ್ಟಿದ್ದು ಹಾಗೆ ಅಂತ ಹಿರಿಯರು ಹೇಳುತ್ತಾರೆ: ಮುಂದಿನ ಮುಡಿಯಲ್ಲಿ ಮಗನಿಗೆ ತಂದದ್ದು, ಹಿಂದಿನ ಮುಡಿಯಲ್ಲಿ ದಾರಿಯ ಬುತ್ತಿ. ಇವತ್ತಿಗೂ ಮಕರ ಸಂಕ್ರಾಂತಿಗೆ ಎರಡು ದಿನ ಮೊದಲು ಪಂದಳದಿಂದ ತಿರುವಾಭರಣ ಹೊರಡುತ್ತದೆ. ತಂದೆ ಮಗನಿಗೆ ಕಳಿಸುವ ಒಡವೆಗಳನ್ನು ಜನ ತಲೆಯ ಮೇಲೆ ಹೊತ್ತು ಕಾಲ್ನಡಿಗೆಯಲ್ಲಿ ಒಯ್ಯುತ್ತಾರೆ. ಅಂದರೆ ಶಬರಿಮಲೆ ಯಾತ್ರೆ ಮೂಲದಲ್ಲಿ ಮಗುವನ್ನು ನೋಡಲು ದೊಡ್ಡವರು ಹತ್ತುವ ಯಾತ್ರೆ. ಅದನ್ನು ನಾನು ತಿರುಗಾಮುರುಗಾ ಮಾಡಿಕೊಂಡಿದ್ದೆ.

ನಾನು ಪುಟ್ಟಿಯ ಹತ್ತಿರ ಹೋಗಿ ತಪ್ಪಾಯಿತು ಅಂದೆ. ದಾರಿಯಲ್ಲಿ ಏನೂ ಆಗುವುದಿಲ್ಲ, ಸ್ವಾಮಿ ಮಕ್ಕಳ ಮೇಲೆ ಕೋಪ ಮಾಡಿಕೊಳ್ಳುವುದಿಲ್ಲ, ಕೋಪ ಬಂದದ್ದು ನನಗೆ ಅಂದೆ. ಅವಳು ತಕ್ಷಣ ನಂಬಲಿಲ್ಲ. ನಂಬುವುದಕ್ಕೆ ಹತ್ತು ಹನ್ನೆರಡು ದಿನ ಬೇಕಾಯಿತು. ಮಗುವಿಗೆ ಭಯ ಹಾಕುವುದಕ್ಕೆ ಒಂದು ನಿಮಿಷ ಸಾಕು, ತೆಗೆಯುವುದು ಅಷ್ಟು ಸುಲಭವಲ್ಲ.

ನೋಯ್ಡಾದ ಅಯ್ಯಪ್ಪ ದೇವಸ್ಥಾನದಲ್ಲಿ ಅಮ್ಮನಿಗೆ ಮಾಲೆ ಹಾಕಿಸಿದೆವು. ಅರವತ್ತೆರಡು ವರ್ಷದ ಕನ್ನಿಸ್ವಾಮಿ! ಅಜ್ಜಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ದೀಪ ಹಚ್ಚುವುದನ್ನು ಪುಟ್ಟಿ ರಜಾಯಿಯೊಳಗಿಂದ ನೋಡುತ್ತಿದ್ದಳು. ಯಾರೂ ಅವಳನ್ನು ಎಬ್ಬಿಸಲಿಲ್ಲ. ಡಿಸೆಂಬರ್ ಮೊದಲ ವಾರ ಒಂದು ದಿನ ತಾನೇ ಬಂದು ರಜಾಯಿ ಸಮೇತ ಅಜ್ಜಿಯ ಪಕ್ಕ ಕೂತಳು. ಅಜ್ಜಿ ಶರಣು ಘೋಷ ಹೇಳುವಾಗ ನಿದ್ದೆಗಣ್ಣಲ್ಲೇ "ಶರಣಂ ಅಯ್ಯಪ್ಪ" ಅಂದಳು. ಅಷ್ಟೇ. ಮಾರನೇ ದಿನ ಏಳಲಿಲ್ಲ. ಮೂರನೇ ದಿನ ಮತ್ತೆ ಬಂದಳು.

ಡಿಸೆಂಬರ್ 25ಕ್ಕೆ ಅಣ್ಣ, ಅತ್ತಿಗೆ, ಪುಟ್ಟಿ ಮನಾಲಿಗೆ ಹೋದರು. ಅಟಲ್ ಸುರಂಗದ ಆಚೆ ಸಿಸ್ಸುವಿನಲ್ಲಿ ಹಿಮ ಸಿಕ್ಕಿತು. ಪುಟ್ಟಿ ಹಿಮದಲ್ಲಿ ಬಿದ್ದು ಎದ್ದು ನಗುವ ವಿಡಿಯೋ ಬಂದಾಗ ಅಮ್ಮ ಅದನ್ನು ಐದಾರು ಸಲ ಹಾಕಿಸಿಕೊಂಡು ನೋಡಿದರು. ಆ ಮಗುವಿನ ನಗುವಿನಲ್ಲಿ ಯಾವ ವ್ರತ ಕೆಟ್ಟಿತು ಹೇಳಿ? ವಾಪಸ್ ಬರುವಾಗ ಅವಳು ಒಂದು ಪೈನ್ ಮರದ ಕಾಯಿ ತಂದಿದ್ದಳು. ಯಾರೂ ಹೇಳದೆ ಅದನ್ನು ಸ್ವಾಮಿಯ ಪಟದ ಮುಂದೆ ಇಟ್ಟಳು. ಆವತ್ತು ಅವಳು ದೇವರ ಕೋಣೆಯ ಕಡೆ ಮುಖ ಕೊಟ್ಟು ನಿಂತಿದ್ದಳು. ನನಗೆ ಕಣ್ಣು ತುಂಬಿ ಬಂತು.

ಮಂಡಲ ಪೂಜೆ ಮುಗಿದು ನಡೆ ಮುಚ್ಚಿ, ಮತ್ತೆ ಡಿಸೆಂಬರ್ 30ಕ್ಕೆ ತೆರೆಯುತ್ತದೆ. ನಾವು ಜನವರಿ ಮೊದಲ ವಾರ ಹೊರಟೆವು. ಇರುಮುಡಿ ಕಟ್ಟುವ ದಿನ ದೆಹಲಿಯಲ್ಲಿ ಸೂರ್ಯ ಕಾಣಿಸಲಿಲ್ಲ. ತುಪ್ಪ ಡಬ್ಬಿಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ನಾನು ಅವಸರದಲ್ಲಿ ಗ್ಯಾಸಿನ ಮೇಲೆ ಇಡಲು ಹೋದರೆ ಅಮ್ಮ ತಡೆದರು. "ಉರಿ ಜೋರಾದ್ರೆ ಸೀದುಹೋಗುತ್ತೆ. ಬಿಸಿನೀರಲ್ಲಿಡು, ತಾನಾಗಿ ಕರಗುತ್ತೆ." ಪಾತ್ರೆಗೆ ಬಿಸಿನೀರು ಬದಲಾಯಿಸುವ ಕೆಲಸ ಪುಟ್ಟಿ ವಹಿಸಿಕೊಂಡಳು. ಅರ್ಧ ಗಂಟೆ ಹಿಡಿಯಿತು. ಕಾಯಿಯ ಕಣ್ಣು ತೆಗೆದು ನೀರು ಬಸಿದು ಇಟ್ಟಿದ್ದೆವು. ಅದರೊಳಗೆ ತುಪ್ಪ ತುಂಬಿದ್ದು ಪುಟ್ಟಿಯ ಕೈ.

ತುಪ್ಪ ಜೀವಾತ್ಮ, ಕಾಯಿ ದೇಹ ಅಂತ ಗುರುಸ್ವಾಮಿಗಳು ಹೇಳಿಕೊಟ್ಟಿದ್ದಾರೆ. ತುಪ್ಪ ಸ್ವಾಮಿಗೆ ಅಭಿಷೇಕವಾಗುತ್ತದೆ, ಕಾಯಿ ಆಳಿಯ ಬೆಂಕಿಗೆ ಹೋಗುತ್ತದೆ. ಅಮ್ಮನ ಕಾಯಿಯೊಳಗೆ ಮೊಮ್ಮಗಳು ತುಂಬಿದ ತುಪ್ಪ ಇತ್ತು. ಹದಿನೆಂಟು ಮೆಟ್ಟಿಲು ಹತ್ತಿ ಮೇಲೆ ಬಂದಾಗ ಅಮ್ಮ ಅಳುತ್ತಾ ಒಂದೇ ಮಾತು ಹೇಳಿದರು: "ನಾವಿಬ್ಬರೂ ಬಂದ್ವಿ."

ಈಗ ನಮ್ಮ ಕಡೆಯ ಮನೆಗಳಿಗೆ ನಾಲ್ಕು ಉಪಯೋಗದ ಮಾತು.

ಮಗು ತಾನಾಗಿ ಕೇಳಿದರೆ ಸಂತೋಷವಾಗಿ ಮಾಲೆ ಹಾಕಿಸಿ. ಆದರೆ ದೆಹಲಿ ಚಳಿಯಲ್ಲಿ ಬೆಚ್ಚಗಿನ ನೀರಿನ ಸ್ನಾನವೇ ಇರಲಿ, ಕಾಲಿಗೆ ಸಾಕ್ಸ್ ಇರಲಿ. ಗಾಳಿ ಕೆಟ್ಟಿರುವ ದಿನ ಬೆಳಗಿನ ಜಾವ ಹೊರಗೆ ಕರೆದುಕೊಂಡು ಹೋಗಬೇಡಿ, ಮನೆಯಲ್ಲೇ ಪೂಜೆ ಮಾಡಿ. ಉಬ್ಬಸ ಇರುವ ಮಗುವಾದರೆ ಮೊದಲು ಡಾಕ್ಟರನ್ನು ಕೇಳಿ.

ರೈಲಿನಲ್ಲಿ ಹೋಗುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜಿಗೆ ಉತ್ತರದ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಕೇರಳ ಎಕ್ಸ್‌ಪ್ರೆಸ್ ಚೆಂಗನ್ನೂರಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಪಂಪೆಗೆ ಬಸ್ಸಿದೆ. ದೆಹಲಿಯಲ್ಲಿ ಎರಡು ಸ್ವೆಟರ್ ಹಾಕಿ ಹೊರಟ ಮಗು ವಿಜಯವಾಡ ಬರುವಷ್ಟರಲ್ಲಿ ಬೆವರುತ್ತದೆ, ಹಗುರ ಬಟ್ಟೆ ಕೈಗೆ ಸಿಗುವ ಹಾಗೆ ಇಡಿ. ದರ್ಶನದ ವರ್ಚುವಲ್ ಕ್ಯೂ ಮೊದಲೇ ಬುಕ್ ಮಾಡಿ. ಪಂಪೆಯಲ್ಲಿ ಪೊಲೀಸರು ಮಕ್ಕಳ ಕೈಗೆ ಗುರುತಿನ ಪಟ್ಟಿ ಕಟ್ಟುತ್ತಾರೆ, ಕೇಳಿ ಕಟ್ಟಿಸಿಕೊಳ್ಳಿ.

ಮಾಲೆ ಹಾಕದ ಮಕ್ಕಳಿಗೂ ರಜೆಯಲ್ಲಿ ಕೆಲಸ ಬೇಕಾದಷ್ಟಿದೆ. ಬತ್ತಿ ಹೊಸೆಯಲಿ, ಹದಿನೆಂಟು ಮೆಟ್ಟಿಲಿನ ಚಿತ್ರ ಬರೆಯಲಿ, ಶರಣು ಘೋಷವನ್ನು ಕನ್ನಡ ಅಕ್ಷರದಲ್ಲಿ ಬರೆದು ಕಲಿಯಲಿ. ಇಲ್ಲಿ ಹುಟ್ಟಿ ಹಿಂದಿಯಲ್ಲೇ ಓದುವ ಮಕ್ಕಳಿಗೆ ನಮ್ಮ ಲಿಪಿ ಕಲಿಸಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಆರ್.ಕೆ. ಪುರಂ ಅಥವಾ ನೋಯ್ಡಾದ ಅಯ್ಯಪ್ಪ ದೇವಸ್ಥಾನಕ್ಕೆ ಒಂದು ಸಂಜೆ ಕರೆದುಕೊಂಡು ಹೋಗಿ. ನಿಮ್ಮ ಗೇಟಿನಲ್ಲಿ ರಾತ್ರಿ ಕಾಯುವ ಗಾರ್ಡ್‌ಗೆ ಮಗುವಿನ ಕೈಯಿಂದಲೇ ಒಂದು ಕಂಬಳಿ ಅಥವಾ ಬಿಸಿ ಚಹಾ ಕೊಡಿಸಿ. ಕಟ್ಟಿಗೆ ಉರಿಸಬಾರದು ಅಂತ ಈಗ ನಿಯಮ ಇದೆ, ಹಾಗಾಗಿ ಗಾರ್ಡ್‌ಗಳಿಗೆ ಹೀಟರ್ ಕೊಡಿಸಿ ಅಂತ ಸೊಸೈಟಿಯವರಿಗೆ ನೀವು ಹೇಳಿ. ಅದೂ ವ್ರತವೇ.

ಮಗುವಿಗೆ ಪ್ರವಾಸದ ಆಸೆ ಇದ್ದರೆ ಕರೆದುಕೊಂಡು ಹೋಗಿ. ಆದರೆ ದಯವಿಟ್ಟು ಸ್ವಾಮಿಯ ಹೆಸರು ಹೇಳಿ ಮಗುವನ್ನು ಹೆದರಿಸಬೇಡಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ಈ ವರ್ಷ ಪುಟ್ಟಿಗೆ ಹತ್ತು ದಾಟಿದೆ. ನಲವತ್ತು ವರ್ಷ ಅವಳ ಮುಂದಿದೆ. ಅದನ್ನು ನೆನೆದರೆ ಈಗಲೂ ನನಗೆ ಸಂಕಟ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಮೊನ್ನೆ ನನ್ನ ಮಾಲೆ ಮುಟ್ಟಿ ನೋಡುತ್ತಾ ಕೇಳಿದಳು, "ಚಿಕ್ಕಪ್ಪ, ನಾನು ಅಜ್ಜಿ ಥರ ಮುದುಕಿ ಆದ್ಮೇಲೆ ಹೋದ್ರೆ, ನನ್ನ ಕಾಯಿಗೆ ತುಪ್ಪ ಯಾರು ತುಂಬ್ತಾರೆ?"

ನನಗೆ ಉತ್ತರ ಹೊಳೆಯಲಿಲ್ಲ. ಅಡುಗೆಮನೆಯಿಂದ ಅಮ್ಮ ಹೇಳಿದರು: "ಆಗ ನಿನ್ನ ಮನೇಲೂ ಒಂದು ಮಗು ಇರುತ್ತೆ ಕಣೇ. ಅದನ್ನ ಹೆದರಿಸದೆ ಇಟ್ಕೋ, ಸಾಕು."

ತಿಳಿದೋ ತಿಳಿಯದೆಯೋ ಮಾಡಿದ ಸಕಲ ತಪ್ಪುಗಳನ್ನು ಸ್ವಾಮಿ ಮನ್ನಿಸಲಿ. ಎಲ್ಲರ ಮನೆಯ ಮಕ್ಕಳೂ ಬೆಚ್ಚಗಿರಲಿ.

ಸ್ವಾಮಿಯೇ ಶರಣಂ ಅಯ್ಯಪ್ಪ.